ಸ್ವೀಡಿಷ್ ಉಚ್ಚಾರಣೆ: ಬಾಯಿಗೆ ಒಂದು ಊರು, ಕಿವಿಗೆ ಎಲ್ಲ ಊರು

ಕೆಲಸಕ್ಕೋ ಓದಿಗೋ ಸ್ವೀಡನ್ನಿಗೆ ಬಂದ ಕನ್ನಡಿಗರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದಿದೆ. "ಮೊಬೈಲ್ ಆ್ಯಪ್ ನೋಡಿಕೊಂಡು ಒಂದು ವರ್ಷ ಸ್ವೀಡಿಷ್ ಕಲಿತೆ. ಸ್ಟಾಕ್‌ಹೋಮಿನಲ್ಲಿ ಹೇಗೋ ಅರ್ಥವಾಗುತ್ತಿತ್ತು. ದಕ್ಷಿಣದ ಮಾಲ್ಮೋಗೆ ಬಂದ ಮೇಲೆ ಒಂದು ಮಾತೂ ಕಿವಿಗೆ ಹತ್ತುತ್ತಿಲ್ಲ. ನಾನು ಆಡಿದ ಮಾತು ಅವರಿಗೂ ತಿಳಿಯುತ್ತಿಲ್ಲ, ತಕ್ಷಣ ಇಂಗ್ಲಿಷಿಗೆ ಹೊರಳಿಬಿಡುತ್ತಾರೆ. ಹಾಗಾದರೆ ನಾನು ಯಾವ ಊರಿನ ಸ್ವೀಡಿಷ್ ಕಲಿಯಬೇಕು?"

ನನ್ನ ಉತ್ತರ ಇಷ್ಟೇ: ಮಾತನಾಡಲು ಒಂದೇ ಊರಿನ ಉಚ್ಚಾರಣೆಯನ್ನು ಹಿಡಿದುಕೊಳ್ಳಿ, ಕೇಳಲು ಎಲ್ಲ ಊರುಗಳನ್ನೂ ಅಭ್ಯಾಸ ಮಾಡಿಕೊಳ್ಳಿ. ಇವೆರಡೂ ಬೇರೆ ಬೇರೆ ಕೆಲಸಗಳು. ಒಟ್ಟಿಗೆ ಕಲಸಿಕೊಂಡವರು ವರ್ಷಗಟ್ಟಲೆ ಪರದಾಡುತ್ತಾರೆ. ಇನ್ನೊಂದು ಮಾತನ್ನೂ ಮೊದಲೇ ಹೇಳಿಬಿಡುತ್ತೇನೆ. ಸ್ವೀಡಿಷ್ ಉಚ್ಚಾರಣೆಗೆ ಬೇಕಾದ ಅರ್ಧ ಸಾಮಗ್ರಿ ಕನ್ನಡಿಗರ ಬಾಯಲ್ಲಿ ಈಗಾಗಲೇ ಇದೆ. ನಾವು ಇಂಗ್ಲಿಷಿನ ಬಾಗಿಲಿನಿಂದ ಸ್ವೀಡಿಷಿನೊಳಕ್ಕೆ ಹೋಗುವುದರಿಂದ ಅದನ್ನು ಹೊರಗೇ ಬಿಟ್ಟು ಹೋಗುತ್ತೇವೆ. ಈ ಲೇಖನದ ಮೊದಲರ್ಧ ಅದನ್ನು ಮರಳಿ ಪಡೆಯುವ ದಾರಿ.

ಬೇಕಾಗುವುದು

ದಿನಕ್ಕೆ 20 ನಿಮಿಷ, ಧ್ವನಿಮುದ್ರಣ ಮಾಡುವ ಮೊಬೈಲ್, ಹೆಡ್‌ಫೋನ್, ಮತ್ತು ಕನ್ನಡದಲ್ಲಿ ಬರೆಯಲು ಒಂದು ನೋಟ್‌ಬುಕ್. ಪದಗಳನ್ನು ಕೇಳಲು ಲೆಕ್ಸಿನ್ ಎಂಬ ಉಚಿತ ಆನ್‌ಲೈನ್ ನಿಘಂಟು ಸಾಕು. ಸ್ವೀಡನ್ನಿನಲ್ಲೇ ನೆಲೆಸಿದ್ದರೆ ಎಸ್‌ಎಫ್‌ಐ ತರಗತಿಗೆ ಹೆಸರು ನೋಂದಾಯಿಸಿ. ವಲಸೆ ಬಂದವರಿಗಾಗಿ ಸ್ಥಳೀಯ ಆಡಳಿತಗಳು ನಡೆಸುವ ಉಚಿತ ಸ್ವೀಡಿಷ್ ತರಗತಿ ಅದು. ಎ, ಬಿ, ಸಿ, ಡಿ ಎಂಬ ನಾಲ್ಕು ಹಂತಗಳಿರುತ್ತವೆ.

ಇಲ್ಲಿ ಬಳಸುವ ಗುರುತುಗಳನ್ನು ಒಮ್ಮೆ ನೋಡಿಕೊಳ್ಳಿ. ಸ್ವೀಡಿಷ್ ಅಕ್ಷರಗಳನ್ನು ಇಂಗ್ಲಿಷ್ ಹೆಸರಿನಿಂದಲೇ ಕರೆಯುತ್ತೇನೆ. ಅದರಲ್ಲಿ ಮೂರು ಹೆಚ್ಚಿನ ಅಕ್ಷರಗಳಿವೆ: ತಲೆಯ ಮೇಲೆ ಪುಟ್ಟ ಉಂಗುರವಿರುವ ಎ, ಎರಡು ಚುಕ್ಕೆಗಳಿರುವ ಎ, ಎರಡು ಚುಕ್ಕೆಗಳಿರುವ ಓ. ಇವನ್ನು ಬಳೆ-ಎ, ಚುಕ್ಕೆ-ಎ, ಚುಕ್ಕೆ-ಓ ಎನ್ನೋಣ. ಕನ್ನಡದಲ್ಲಿ ಇಲ್ಲದ ಸ್ವರ ಬಂದಾಗ ಪಕ್ಕದಲ್ಲಿ ° ಗುರುತು ಹಾಕಿದ್ದೇನೆ. ಅದನ್ನು ನುಡಿಯುವ ಬಗೆ ನಾಲ್ಕನೆಯ ಹಂತದಲ್ಲಿದೆ.

ಹಂತ 1: ಬಾಯಿಯ ಊರನ್ನು ಆರಿಸಿಕೊಳ್ಳಿ

ಕನ್ನಡಿಗರಿಗೆ ನಾನು ಸೂಚಿಸುವುದು ಸ್ಟಾಕ್‌ಹೋಮ್ ಸುತ್ತಲಿನ ಮಧ್ಯ ಸ್ವೀಡನ್ನಿನ ಉಚ್ಚಾರಣೆಯನ್ನು. ಪಠ್ಯಪುಸ್ತಕಗಳೂ ಆ್ಯಪ್‌ಗಳೂ ಹೆಚ್ಚಾಗಿ ಅದನ್ನೇ ಕಲಿಸುತ್ತವೆ. ಅದು ಎಲ್ಲ ಕಡೆಯೂ ಅರ್ಥವಾಗುತ್ತದೆ. ಇದಕ್ಕಿಂತ ದೊಡ್ಡ ಕಾರಣ ಬೇರೆ ಇದೆ. ನಾಲಿಗೆಯ ತುದಿಯಿಂದ ನುಡಿಯುವ ರ, ನಾಲಿಗೆ ಮಡಚಿ ನುಡಿಯುವ ಟ, ಡ, ಣ, ಳ, ಷ ಅಲ್ಲಿ ಹೆಜ್ಜೆ ಹೆಜ್ಜೆಗೂ ಬರುತ್ತವೆ. ಇಂಗ್ಲಿಷರೂ ಜರ್ಮನ್ನರೂ ತಿಣುಕಾಡಿ ಕಲಿಯುವ ಧ್ವನಿಗಳಿವು. ನಮಗೆ ಹುಟ್ಟಿನಿಂದ ಬಂದಿವೆ.

ಮಾಲ್ಮೋದಲ್ಲೋ ಲುಂಡ್‌ನಲ್ಲೋ ಇರುವವರು "ಇಲ್ಲಿಯವರಂತೆಯೇ ಮಾತನಾಡಬೇಕಲ್ಲವೇ?" ಎನ್ನುತ್ತಾರೆ. ಬೇಕಾಗಿಲ್ಲ. ನೀವು ಮಧ್ಯ ಸ್ವೀಡನ್ನಿನ ಉಚ್ಚಾರಣೆಯಲ್ಲಿ ಮಾತನಾಡಿದರೆ ಅಲ್ಲಿ ಯಾರೂ ತಪ್ಪು ತಿಳಿಯುವುದಿಲ್ಲ. ಆದರೆ ಎರಡನ್ನು ಬೆರೆಸಬೇಡಿ. ದಕ್ಷಿಣದ ಗಂಟಲಿನ ರ ಮತ್ತು ಸ್ಟಾಕ್‌ಹೋಮಿನ ಟ, ಡ ಒಂದೇ ಬಾಯಲ್ಲಿ ಹೊಂದುವುದಿಲ್ಲ; ಕೇಳುವವರು ಗಲಿಬಿಲಿಗೊಳ್ಳುತ್ತಾರೆ. ಮಕ್ಕಳ ವಿಷಯ ಬೇರೆ. ಅಲ್ಲಿನ ಶಾಲೆಗೆ ಹೋಗುವ ಮಕ್ಕಳು ಅಲ್ಲಿನ ಉಚ್ಚಾರಣೆಯನ್ನೇ ಎತ್ತಿಕೊಳ್ಳುತ್ತಾರೆ. ದಯವಿಟ್ಟು ಅವರನ್ನು ತಿದ್ದಲು ಹೋಗಬೇಡಿ. ಅವರು ಆಡುವುದು ಆ ಊರಿನ ಸರಿಯಾದ ಸ್ವೀಡಿಷ್.

ಹಂತ 2: ಉದ್ದ ಎಲ್ಲಿದೆ ಎಂದು ಕಂಡುಕೊಳ್ಳಿ

ಹಾಲು ಮತ್ತು ಹಲ್ಲು. ಕಾಲು ಮತ್ತು ಕಲ್ಲು. ಈ ಜೋಡಿಗಳನ್ನು ನಾವು ಎಂದೂ ತಪ್ಪಾಗಿ ಕೇಳುವುದಿಲ್ಲ. ಸ್ವೀಡಿಷಿನ ಬೆನ್ನುಮೂಳೆ ಇದೇ. ಪದದಲ್ಲಿ ಒತ್ತು ಬೀಳುವ ಭಾಗದಲ್ಲಿ ಸ್ವರ ದೀರ್ಘವಾಗಿರಬೇಕು, ಇಲ್ಲವೇ ಅದರ ಮುಂದಿನ ವ್ಯಂಜನ ಒತ್ತಕ್ಷರದಂತೆ ಉದ್ದವಾಗಿರಬೇಕು.

"ಗ್ಲಾಸ್" ಎಂದರೆ ಲೋಟ, "ಗ್ಲಸ್ಸ್" ಎಂದರೆ ಐಸ್‌ಕ್ರೀಮ್. "ಥಾಕ್" ಎಂದರೆ ಚಾವಣಿ, "ಥಕ್ಕ್" ಎಂದರೆ ಧನ್ಯವಾದ. "ವೇಗ್" ಎಂದರೆ ರಸ್ತೆ, "ವೆಗ್ಗ್" ಎಂದರೆ ಗೋಡೆ. "ಸೀಲ್" ಎಂದರೆ ಸೋಸುವ ಜರಡಿ, "ಸಿಲ್ಲ್" ಎಂದರೆ ಹೆರಿಂಗ್ ಮೀನು.

ಕನ್ನಡಿಗರು ಮುಗ್ಗರಿಸುವ ಜಾಗ ಒಂದಿದೆ. ನಮ್ಮ ಮನೆ, ಮರ, ಕಲೆ ಎಂಬ ಪದಗಳಲ್ಲಿ ಮೊದಲ ಸ್ವರವೂ ಗಿಡ್ಡ, ಮುಂದಿನ ವ್ಯಂಜನವೂ ಗಿಡ್ಡ. ಸ್ವೀಡಿಷಿನ ಒತ್ತಿನ ಭಾಗದಲ್ಲಿ ಇಂಥ ಜೋಡಣೆಗೆ ಜಾಗವೇ ಇಲ್ಲ. ಊಟಕ್ಕೆ "ಮಾತ್" ಎನ್ನಬೇಕು. ನಮ್ಮ ಮಾತು ಪದದಿಂದ ಕೊನೆಯ ಉಕಾರ ತೆಗೆದಂತೆ. ಬಳಲಿದ ಎನ್ನುವುದಕ್ಕೆ "ಮತ್ತ್". ನೀವು ಅವಸರದಲ್ಲಿ "ಮತ್" ಎಂದು ತುಂಡರಿಸಿದರೆ ಅದು ಎರಡೂ ಅಲ್ಲ. ಸಂದೇಹ ಬಂದಾಗ ಬರಹವನ್ನು ನೋಡಿ: ಸ್ವರದ ಮುಂದೆ ಒಂದೇ ವ್ಯಂಜನವಿದ್ದರೆ ಸಾಮಾನ್ಯವಾಗಿ ಸ್ವರ ದೀರ್ಘ, ಎರಡಿದ್ದರೆ ಹ್ರಸ್ವ.

ಇನ್ನೊಂದು ಎಚ್ಚರಿಕೆ. ಬಸ್ಸು, ಕಾರು, ನೋಟು ಎಂದು ಪದದ ಕೊನೆಗೆ ಉಕಾರ ಸೇರಿಸುವುದು ನಮ್ಮ ನಾಲಿಗೆಯ ಅಭ್ಯಾಸ. ಸ್ವೀಡಿಷಿನಲ್ಲಿ ಪದದ ಕೊನೆಯ ಸ್ವರಕ್ಕೆ ವ್ಯಾಕರಣದ ಕೆಲಸವಿದೆ. "ವೀತ್" ಎಂದರೆ ಬಿಳಿ, "ವೀತ" ಎಂದರೆ ಅದರ ಬಹುವಚನ ರೂಪ. ಆದ್ದರಿಂದ ವ್ಯಂಜನದಲ್ಲಿ ಮುಗಿಯುವ ಪದವನ್ನು ವ್ಯಂಜನದಲ್ಲೇ ಗಟ್ಟಿಯಾಗಿ ನಿಲ್ಲಿಸಿ.

ನೋಟ್‌ಬುಕ್ಕಿನ ಉಪಯೋಗ ಇಲ್ಲಿ. ಹೊಸ ಪದವನ್ನು ಕೇಳಿದ ಕೂಡಲೇ ಕನ್ನಡ ಲಿಪಿಯಲ್ಲಿ ಬರೆಯಿರಿ. ದೀರ್ಘವೋ ಒತ್ತಕ್ಷರವೋ ಎಂದು ನಿರ್ಧರಿಸದೆ ಕನ್ನಡದಲ್ಲಿ ಬರೆಯಲು ಬರುವುದೇ ಇಲ್ಲ. ನಮ್ಮ ಲಿಪಿಯೇ ನಿಮ್ಮನ್ನು ಸರಿಯಾಗಿ ಕೇಳುವಂತೆ ಒತ್ತಾಯಿಸುತ್ತದೆ.

ಹಂತ 3: ತ ಯಾವುದು, ಟ ಯಾವುದು

ಒಂದೇ ಒಂದು ಹಂತಕ್ಕೆ ಸಮಯವಿದೆ ಎನ್ನುವವರು ಇದನ್ನು ಮಾಡಿ.

ಇಂಗ್ಲಿಷಿನ ಟಿ ಅಕ್ಷರವನ್ನು ನಾವು ಟ ಎಂದೂ ಡಿ ಅಕ್ಷರವನ್ನು ಡ ಎಂದೂ ಓದುತ್ತೇವೆ. ಟೇಬಲ್, ಡಾಕ್ಟರ್. ಅದೇ ಅಭ್ಯಾಸದಲ್ಲಿ ಸ್ವೀಡಿಷನ್ನೂ ಓದಿದರೆ ಭಾಷೆಯ ಒಂದು ದೊಡ್ಡ ಭೇದವೇ ಅಳಿಸಿಹೋಗುತ್ತದೆ. ಸ್ವೀಡಿಷಿನ ಒಂಟಿ ಟಿ, ಡಿ, ಎನ್ ಹಲ್ಲಿಗೆ ನಾಲಿಗೆ ತಾಗಿಸಿ ನುಡಿಯುವ ತ, ದ, ನ. ಅವುಗಳ ಹಿಂದೆ ಆರ್ ಬಂದರೆ ಮಾತ್ರ ಎರಡೂ ಕೂಡಿ ಮೂರ್ಧನ್ಯ, ಅಂದರೆ ನಾಲಿಗೆ ಮಡಚಿ ನುಡಿಯುವ ಧ್ವನಿ ಆಗುತ್ತವೆ. ಆರ್ ಪ್ರತ್ಯೇಕವಾಗಿ ಕೇಳಿಸುವುದಿಲ್ಲ.

ಆರ್ ಮತ್ತು ಟಿ ಸೇರಿದರೆ ಟ. ಆರ್ ಮತ್ತು ಡಿ ಸೇರಿದರೆ ಡ. ಎನ್ ಜೊತೆಗೆ ಣ, ಎಲ್ ಜೊತೆಗೆ ಳ, ಎಸ್ ಜೊತೆಗೆ ಷ.

"ಬೂದ್" ಎಂದರೆ ಶೆಡ್ಡು, "ಬೂಡ್" ಎಂದರೆ ಮೇಜು. "ಫಾತ್" ಎಂದರೆ ತಟ್ಟೆ, "ಫಾಟ್" ಎಂದರೆ ವೇಗ. ಇಲ್ಲಿ ಫ ಎಂಬುದು ಫ್ಯಾನ್ ಪದದ ಫ. ಮಗುವಿಗೆ "ಬಾಣ್". ಮಾರ್ಚ್ ತಿಂಗಳಿಗೆ "ಮಷ್ಷ್".

ಸ್ಟಾಕ್‌ಹೋಮ್ ವಿಮಾನ ನಿಲ್ದಾಣದ ಹೆಸರನ್ನೇ ನೋಡಿ. ನಾವು ಅರ್‌ಲ್ಯಾಂಡಾ ಎನ್ನುತ್ತೇವೆ. ಸ್ವೀಡಿಷರ ಬಾಯಲ್ಲಿ ಅದು "ಆಳಂದ", ಕಲಬುರಗಿ ಜಿಲ್ಲೆಯ ಆಳಂದದ ಹಾಗೆಯೇ. ಆ ಊರಿನ ಹೆಸರನ್ನು ಹೇಳಬಲ್ಲವರಿಗೆ ಈ ನಿಯಮ ಮತ್ತೆ ಮರೆಯುವುದಿಲ್ಲ.

ಈ ಸಂಧಿ ಒಂದು ಪದದೊಳಗೆ ನಿಲ್ಲುವುದಿಲ್ಲ, ಪದಗಳ ನಡುವೆಯೂ ನಡೆಯುತ್ತದೆ. "ನಿನ್ನಲ್ಲಿ ಇದೆಯೇ" ಎಂದು ಕೇಳುವಾಗ ಬರುವ "ಹಾರ್" ಮತ್ತು "ದೂ°" ಕೂಡಿ "ಹಾಡೂ°" ಆಗುತ್ತವೆ. "ತುಂಬ ತಡ" ಎನ್ನುವ "ಫೊ°ರ್ ಸೇಂತ್" ಎಂಬುದು "ಫೊ° ಷೇಂತ್" ಆಗುತ್ತದೆ. ಪಠ್ಯಪುಸ್ತಕದಲ್ಲಿ ಓದಿದ ಪದಗಳು ಮಾತಿನಲ್ಲಿ ಕಾಣೆಯಾಗುವುದಕ್ಕೆ ಅರ್ಧ ಕಾರಣ ಈ ಸಂಧಿ.

ಇದೇ ಹಂತದಲ್ಲಿ ಮಹಾಪ್ರಾಣವನ್ನೂ ಸರಿಮಾಡಿಕೊಳ್ಳಿ. ಒತ್ತಿನ ಭಾಗದ ಆರಂಭದಲ್ಲಿ ಬರುವ ಪಿ, ಟಿ, ಕೆ ಅಕ್ಷರಗಳ ಜೊತೆಗೆ ಉಸಿರು ಹೊರಬರುತ್ತದೆ. ಧನ್ಯವಾದಕ್ಕೆ "ತಕ್ಕ್" ಎನ್ನದೆ "ಥಕ್ಕ್" ಎಂದು ಬರೆದದ್ದು ಅದಕ್ಕೇ. ಜೋಡಿ ಎಂಬ ಅರ್ಥದ ಪದವನ್ನು ಉಸಿರಿಲ್ಲದೆ "ಪಾರ್" ಎಂದರೆ ಸ್ವೀಡಿಷರ ಕಿವಿಗೆ ಅದು "ಬಾರ್" ಎಂದು ಬಿದ್ದೀತು. ಕೈಯನ್ನು ಬಾಯಿಯ ಮುಂದೆ ಹಿಡಿದು ಉಸಿರು ತಾಗುತ್ತದೆಯೇ ಎಂದು ನೋಡಿಕೊಳ್ಳಿ. ಎಸ್ ಹಿಂದೆ ಇದ್ದಾಗ ಮಾತ್ರ ಉಸಿರು ಬೇಡ: ನಗರಕ್ಕೆ "ಸ್ತಾದ್" ಎಂದರೆ ಸಾಕು.

ಹಂತ 4: ಕನ್ನಡದಲ್ಲಿಲ್ಲದ ಸ್ವರಗಳನ್ನು ತುಟಿಯಿಂದ ಕಲಿಯಿರಿ

ಮೊದಲು ಕಣ್ಣಿಗೆ ಮೋಸ ಮಾಡುವ ಎರಡು ಅಕ್ಷರಗಳು. ಓ ಅಕ್ಷರ ದೀರ್ಘವಾದಾಗ ಹೆಚ್ಚಾಗಿ ಊ ಎಂದೇ ನುಡಿಯುತ್ತದೆ. ಸೂರ್ಯ "ಸೂಲ್", ಪುಸ್ತಕ "ಬೂಕ್". ನಮ್ಮ ಓ ಬೇಕಾದರೆ ಅದಕ್ಕೆ ಬಳೆ-ಎ ಇದೆ: ದೋಣಿ "ಬೋತ್", ಹೋಗುವುದು "ಗೋ". ಆದರೆ ಓ ಅಕ್ಷರವನ್ನು ಓ ಎಂದೇ ನುಡಿಯುವ ಪದಗಳೂ ಉಂಟು, ಮಗ ಎಂಬ ಅರ್ಥದ "ಸೋನ್" ಹಾಗೆ. ಇವನ್ನು ಕೇಳಿಯೇ ಕಲಿಯಬೇಕು.

ಈಗ ° ಗುರುತಿನ ಮೂರು ಸ್ವರಗಳು. ಕನ್ನಡಿಯ ಮುಂದೆ ನಿಲ್ಲಿ.

"ಈ" ಎಂದು ಎಳೆಯಿರಿ. ನಾಲಿಗೆಯನ್ನು ಒಂದಿಷ್ಟೂ ಕದಲಿಸದೆ ತುಟಿಗಳನ್ನು ಮಾತ್ರ ಊ ಎನ್ನುವಂತೆ ಮುಂದಕ್ಕೆ ಚಾಚಿ. ಬಂದದ್ದು ವೈ ಅಕ್ಷರದ ಸ್ವರ, ಈ°. ಹೊಸದು ಎಂಬ ಅರ್ಥದ "ನೀ°" ಪದದಲ್ಲಿ ಇದೆ. ಈಗ ಚಾಚಿದ ತುಟಿಗಳನ್ನು ಒಳಕ್ಕೆ ಸೆಳೆದು, ಸಣ್ಣ ಸೀಳು ಉಳಿಯುವಂತೆ ಬಿಗಿಮಾಡಿ. ಅದು ಯು ಅಕ್ಷರದ ಸ್ವರ, ಊ°. ಮನೆ ಎಂಬ ಅರ್ಥದ "ಹೂ°ಸ್" ಪದದಲ್ಲಿ ಬರುವುದು ಇದು. ಮೂರನೆಯದಕ್ಕೆ "ಏ" ಎಂದು ಎಳೆದು ತುಟಿಗಳನ್ನು ದುಂಡಗೆ ಮಾಡಿ. ಅದು ಚುಕ್ಕೆ-ಓ ಅಕ್ಷರದ ಓ°. ಈ ಒಂದೇ ಅಕ್ಷರ ಪೂರ್ಣ ಪದವೂ ಹೌದು. ದ್ವೀಪ ಎಂದು ಅದರ ಅರ್ಥ. ಬಳೆ-ಎ ಕೂಡ ಒಂಟಿಯಾಗಿ ನಿಂತರೆ ಸಣ್ಣ ನದಿ ಎಂಬ ಪದ. ಉಮಿಯೊ ಎಂದು ನಾವು ತಪ್ಪಾಗಿ ಓದುವ "ಊ°ಮೆಓ" ನಗರದ ಹೆಸರಿನ ಕೊನೆಯಲ್ಲಿರುವುದು ಅದೇ ಅಕ್ಷರ.

ಈ ಮೂರು ಸ್ವರಗಳಿಗೆ ಕನ್ನಡ ಲಿಪಿ ಸಾಲದು. ನೋಟ್‌ಬುಕ್ಕಿನಲ್ಲಿ ನಿಮ್ಮದೇ ಗುರುತು ಇಟ್ಟುಕೊಳ್ಳಿ. ಬರೀ ಊ, ಓ ಎಂದು ಬರೆದುಕೊಂಡವರು ಆರು ತಿಂಗಳ ನಂತರ ಹಾಗೆಯೇ ನುಡಿಯುತ್ತಿರುತ್ತಾರೆ.

ಹಂತ 5: ಊರಿನ ಹೆಸರುಗಳಿಂದ ಮೃದು ವ್ಯಂಜನಗಳನ್ನು ಕಲಿಯಿರಿ

ಇ, ಐ, ವೈ, ಚುಕ್ಕೆ-ಎ, ಚುಕ್ಕೆ-ಓ ಎಂಬ ಐದು ಅಕ್ಷರಗಳನ್ನು ಮೃದು ಸ್ವರಗಳು ಎನ್ನುತ್ತಾರೆ. ಇವುಗಳಿಗೆ ಮೊದಲು ಕೆ ಬಂದರೆ ಶ ಆಗುತ್ತದೆ, ಜಿ ಬಂದರೆ ಯ ಆಗುತ್ತದೆ. ನಿಯಮವನ್ನು ಬಾಯಿಪಾಠ ಮಾಡುವುದಕ್ಕಿಂತ ಊರಿನ ಹೆಸರುಗಳನ್ನು ಸರಿಯಾಗಿ ಹೇಳಲು ಕಲಿಯಿರಿ. ಬೆಂಗಳೂರಿನಿಂದ ಬಂದ ಎಷ್ಟೋ ಎಂಜಿನಿಯರುಗಳು ಕೆಲಸ ಮಾಡುವ ಬಡಾವಣೆಯನ್ನು ನಾವು ಕಿಸ್ತಾ ಎನ್ನುತ್ತೇವೆ. ಅದು "ಶೀಸ್ತ". ಲಿಂಕೋಪಿಂಗ್ ಎಂದು ಓದುವುದು "ಲಿನ್‌ಶೋ°ಪಿಂಗ್". ಗೋಥೆನ್‌ಬರ್ಗ್ ಎಂಬುದು ಇಂಗ್ಲಿಷಿನವರು ಇಟ್ಟುಕೊಂಡ ಹೆಸರು. ಊರಿನವರಿಗೆ ಅದು "ಯೊ°ತೆಬೊರ್ಯ್", ಒತ್ತು ಕೊನೆಯ ಭಾಗದ ಮೇಲೆ. ಅಲ್ಲಿ ಮೊದಲ ಜಿ ಮೃದು ಸ್ವರದಿಂದಾಗಿ ಯ ಆಯಿತು; ಕೊನೆಯ ಜಿ ಆರ್ ಆದ ಮೇಲೆ ಬರುವುದರಿಂದ ಯ ಆಯಿತು.

ಅಪವಾದಗಳಿವೆ. ಸರತಿ ಸಾಲು ಎಂಬ ಅರ್ಥದ "ಕೋ°" ಕಕಾರವಾಗಿಯೇ ಉಳಿಯುತ್ತದೆ.

ಎಸ್ ಮತ್ತು ಕೆ ಕೂಡಿ ಮೃದು ಸ್ವರಕ್ಕೆ ಮೊದಲು ಬಂದಾಗ, ಎಸ್ ಮತ್ತು ಜೆ ಕೂಡಿದಾಗ, ಇನ್ನೂ ಹಲವು ಕಾಗುಣಿತಗಳಲ್ಲಿ ಒಂದು ವಿಶೇಷ ಧ್ವನಿ ಬರುತ್ತದೆ. ಕಲಿಯುವವರು ಹೆಚ್ಚು ಹೆದರುವುದು ಇದಕ್ಕೆ. ಇದಕ್ಕೆ ಎರಡು ಮುಖ್ಯ ರೂಪಗಳಿವೆ. ಒಂದು, ಉರ್ದುವಿನ ಖ಼ ಧ್ವನಿಯನ್ನು ತುಟಿ ದುಂಡಗೆ ಮಾಡಿ ಮೆತ್ತಗೆ ಊದಿದಂತೆ ಗಂಟಲ ಹತ್ತಿರದಿಂದ ಬರುವುದು. ಇನ್ನೊಂದು, ನಮ್ಮ ಷ ಹಾಗೆ ಬಾಯಿಯ ಮುಂಭಾಗದಲ್ಲಿ ಬರುವುದು. ಏಳು ಎಂಬ ಸಂಖ್ಯೆಯನ್ನು "ಖ಼ೂ°" ಎಂದವರೂ ಇದ್ದಾರೆ, "ಷೂ°" ಎಂದವರೂ ಇದ್ದಾರೆ. ಎರಡೂ ಸರಿ. ನಿಮಗೆ ಸುಲಭವಾದದ್ದನ್ನು ಹಿಡಿಯಿರಿ, ಖ಼ ಬರಲಿಲ್ಲವೆಂದು ಕೊರಗಬೇಡಿ.

ಆದರೆ ಷ ಆರಿಸಿಕೊಂಡವರಿಗೆ ಒಂದು ಕಟ್ಟಳೆ ಇದೆ. ಇಂದು ಮಾತಿನಲ್ಲಿ ನಮ್ಮಲ್ಲಿ ಹಲವರು ಶ ಮತ್ತು ಷ ಎರಡನ್ನೂ ಒಂದೇ ಬಗೆಯಾಗಿ ನುಡಿಯುತ್ತಾರೆ. ಸ್ವೀಡಿಷಿನಲ್ಲಿ ಅದು ನಡೆಯುವುದಿಲ್ಲ. "ಶೇರ್" ಎಂದರೆ ಪ್ರೇಮದಲ್ಲಿ ಬಿದ್ದಿರುವ, "ಷೇರ್" ಎಂದರೆ ನಸುಗೆಂಪು. ಪ್ರಾಥಮಿಕ ಶಾಲೆಯಲ್ಲಿ ಮೇಷ್ಟ್ರು ತಿದ್ದಿದ ಶಂಕರ, ಷಣ್ಮುಖ ಉಚ್ಚಾರಣೆಯನ್ನು ನೆನಪಿಸಿಕೊಂಡು ಅಭ್ಯಾಸ ಮಾಡಿ.

ಸಣ್ಣ ವಿಷಯ ಇನ್ನೆರಡು. ಜೆ ಅಕ್ಷರ ಎಂದಿಗೂ ನಮ್ಮ ಜ ಅಲ್ಲ, ಅದು ಯ. ಜ಼ೂ, ಜ಼ೀರೋ ಎನ್ನುವಾಗಿನ ಜ಼ ಧ್ವನಿ ಸ್ವೀಡಿಷಿನಲ್ಲಿ ಇಲ್ಲವೇ ಇಲ್ಲ, ಅಲ್ಲೆಲ್ಲ ಸ.

ಹಂತ 6: ಬರಹದಲ್ಲಿದ್ದು ಮಾತಿನಲ್ಲಿಲ್ಲದ್ದನ್ನು ಪಟ್ಟಿ ಮಾಡಿಕೊಳ್ಳಿ

ಯಾವ ಊರಿಗೆ ಹೋದರೂ ಎದುರಾಗುವ ಸಂಕ್ಷೇಪಗಳಿವು. ಇವನ್ನು ಪ್ರಾದೇಶಿಕ ಉಚ್ಚಾರಣೆ ಎಂದು ತಪ್ಪು ತಿಳಿದು ಹೆದರುವವರೇ ಹೆಚ್ಚು. ನಾನು ಎನ್ನುವ "ಯಾಗ್" ಬರೀ "ಯಾ". ಅದು ಎನ್ನುವ "ದೇತ್" ಬರೀ "ದೇ". ಇದೆ ಎನ್ನುವ "ಏರ್" ಬರೀ "ಏ". ಮತ್ತು ಎನ್ನುವ "ಒಕ್" ಬರೀ "ಒ". ನನ್ನನ್ನು ಎನ್ನುವುದು "ಮೆಯ್". ಅವರು ಮತ್ತು ಅವರನ್ನು ಎಂಬ ಎರಡಕ್ಕೂ "ದೊಮ್". ಯಾರೋ ಎನ್ನುವ ಪದ "ನೋನ್", ಹೇಳು ಎನ್ನುವ ಕ್ರಿಯಾಪದ "ಸೆಯ್ಯ", ಬೆಳಗು ಎನ್ನುವುದು "ಮೊರ್ರೊನ್". ಅಕ್ಷರ ಅಕ್ಷರ ಬಿಡಿಸಿ "ಯಾಗ್ ಏರ್" ಎಂದು ಮಾತನಾಡುವುದು ತಪ್ಪಲ್ಲ, ಆದರೆ ಹಾಗೆ ಮಾತನಾಡುವವರಿಗೆ ಎದುರಿನವರ ಮಾತು ಸದಾ ಅವಸರದ್ದೆಂದೇ ಕೇಳಿಸುತ್ತದೆ.

ಹಂತ 7: ರಾಗವನ್ನು ಕೊನೆಗೆ ಇಟ್ಟುಕೊಳ್ಳಿ

ಸ್ವೀಡಿಷ್ ಪದಗಳಿಗೆ ಎರಡು ಬಗೆಯ ಏರಿಳಿತಗಳಿವೆ. ಪಾಠಗಳಲ್ಲಿ ಇವನ್ನು ಒಂದನೆಯ ಸ್ವರಭಾರ, ಎರಡನೆಯ ಸ್ವರಭಾರ ಎನ್ನುತ್ತಾರೆ. "ಅಂದೆನ್" ಎಂಬ ಪದವನ್ನು ಒಂದು ರಾಗದಲ್ಲಿ ಹೇಳಿದರೆ ಆ ಬಾತುಕೋಳಿ, ಇನ್ನೊಂದು ರಾಗದಲ್ಲಿ ಹೇಳಿದರೆ ಆ ಆತ್ಮ. ಇಂಥ ಜೋಡಿಗಳು 300ಕ್ಕೂ ಹೆಚ್ಚಿವೆ. ಆದರೂ ಮೊದಲ ಆರು ತಿಂಗಳು ಇದರ ಗೊಡವೆಗೆ ಹೋಗಬೇಡಿ. ಸಂದರ್ಭ ಅರ್ಥವನ್ನು ಕಾಯುತ್ತದೆ. ಫಿನ್ಲೆಂಡಿನ ಸ್ವೀಡಿಷ್ ಭಾಷಿಕರ ಮಾತಿನಲ್ಲಿ ಸಾಮಾನ್ಯವಾಗಿ ಈ ಭೇದವೇ ಇಲ್ಲ, ಅವರ ಮಾತು ಎಲ್ಲರಿಗೂ ತಿಳಿಯುತ್ತದೆ. ಉದ್ದ, ಒತ್ತು, ಟ-ತ ಭೇದ ಸರಿಯಾಗುವ ಮೊದಲೇ ರಾಗದ ಹಿಂದೆ ಬಿದ್ದವರ ಮಾತು ಹಾಡಿದಂತೆ ಕೇಳುತ್ತದೆಯೇ ಹೊರತು ಅರ್ಥವಾಗುವುದಿಲ್ಲ.

ಹಂತ 8: ಕಿವಿಗೆ ಊರೂರು ಸುತ್ತಿಸಿ

ಇಲ್ಲಿಂದ ಮುಂದೆ ನೀವು ಅನುಕರಿಸಬೇಕಾದ್ದು ಏನೂ ಇಲ್ಲ, ಕೇಳಬೇಕು ಅಷ್ಟೇ. ಒಂದು ವಾಕ್ಯವನ್ನು ಕೈಯಲ್ಲಿ ಹಿಡಿದು ಹೊರಡೋಣ: "ನೀನು ಏಳು ಕಾರ್ಡು ಕೊಂಡಿದ್ದೀಯಾ?" ನಾವು ಕಲಿತ ಹಲವು ಕಷ್ಟದ ಧ್ವನಿಗಳು ಇದರಲ್ಲಿವೆ. ಮಧ್ಯ ಸ್ವೀಡನ್ನಿನಲ್ಲಿ ಇದು "ಹಾಡೂ° ಶೊ°ಪ್ತ್ ಖ಼ೂ° ಕುಟ್ಟ್?" ಎಂದಾಗುತ್ತದೆ.

ಮೊದಲು ದಕ್ಷಿಣದ ಸ್ಕೋನೆಗೆ ಹೋಗಿ. ಮಾಲ್ಮೋ, ಲುಂಡ್ ಇರುವ ಸೀಮೆ ಇದು. 1658ರ ರೋಸ್ಕಿಲ್ಡೆ ಒಪ್ಪಂದದವರೆಗೆ ಡೆನ್ಮಾರ್ಕಿಗೆ ಸೇರಿತ್ತು. ಇಲ್ಲಿನ ರ ಗಂಟಲಿನಿಂದ ಬರುತ್ತದೆ, ಗ಼ಜಲ್ ಪದದ ಗ಼ಕಾರಕ್ಕೆ ಹತ್ತಿರ. ನಾಲಿಗೆಯ ತುದಿಗೆ ಕೆಲಸವಿಲ್ಲವಾದ್ದರಿಂದ ಟ, ಡ ಹುಟ್ಟುವುದೇ ಇಲ್ಲ. "ಹಾಡೂ°" ಎಂಬುದು "ಹಾಗ಼್ ದೆಊ°" ಆಗುತ್ತದೆ, "ಕುಟ್ಟ್" ಎಂಬುದು "ಕುಗ಼್ತ್" ಆಗುತ್ತದೆ. ದೀರ್ಘ ಸ್ವರಗಳು ಒಂದು ಕಡೆ ಶುರುವಾಗಿ ಇನ್ನೊಂದು ಕಡೆ ಮುಗಿಯುತ್ತವೆ. "ಹೂ°ಸ್" ಎಂಬ ಮನೆ "ಹೆಊ°ಸ್" ಎಂದು ಕೇಳುತ್ತದೆ. ಲುಂಡಿನ ಬೇಕರಿಯೊಂದರಲ್ಲಿ ಬನ್ನು ಕೊಂಡಾಗ ಅಂಗಡಿಯಾಕೆ ಕೇಳಿದ ಪ್ರಶ್ನೆ ಮೂರು ಬಾರಿ ಹೇಳಿದರೂ ನನಗೆ ತಿಳಿದಿರಲಿಲ್ಲ. ಸ್ಟಾಕ್‌ಹೋಮಿನಲ್ಲಿ ದಿನಾ ಕೇಳುತ್ತಿದ್ದ "ಇಷ್ಟು ಸಾಕೇ?" ಎಂಬ ಮಾತೇ ಅದು, "ಬ್ರಾ" ಎಂಬ ಪದದ ರ ಗಂಟಲಿಗೆ ಇಳಿದದ್ದರಿಂದ ಇಡೀ ವಾಕ್ಯ ಅಪರಿಚಿತವಾಗಿತ್ತು. ಸ್ಕೋನೆಗೆ ಹೋಗುವ ಮೊದಲು ಒಂದೇ ಒಂದು ಅಭ್ಯಾಸ ಮಾಡಿ: ಗ಼ ಕೇಳಿಸಿದಲ್ಲೆಲ್ಲ ರ ಎಂದು ಓದಿಕೊಳ್ಳಿ. ಎರಡು ವಾರದಲ್ಲಿ ಕಿವಿ ಒಗ್ಗುತ್ತದೆ. ಹುಡುಗನಿಗೆ "ಪೋಗ್" ಎಂಬ ಪದವನ್ನೂ ಇಲ್ಲಿ ಕೇಳುತ್ತೀರಿ.

ಪಶ್ಚಿಮ ಕರಾವಳಿಯ ಯೊ°ತೆಬೊರ್ಯ್‌ನಲ್ಲಿ ವ್ಯಂಜನಗಳು ನೀವು ಕಲಿತಂತೆಯೇ ಇರುತ್ತವೆ. ಬದಲಾಗುವುದು ರಾಗ, ವಾಕ್ಯದ ಕೊನೆ ಮೇಲಕ್ಕೆ ಏರುತ್ತದೆ. ಹೇಳಿಕೆಯನ್ನೂ ಪ್ರಶ್ನೆ ಎಂದುಕೊಂಡು ಉತ್ತರ ಕೊಡಲು ಹೋಗಬೇಡಿ. "ಅಲ್ಲವೇ" ಎನ್ನುವ ಧಾಟಿಯಲ್ಲಿ "ಲ" ಎಂಬ ಪುಟ್ಟ ಪದವನ್ನು ಮಾತಿನ ನಡುವೆ ಸೇರಿಸುತ್ತಾರೆ. ಇಲ್ಲಿನ ಕೆಲವರ "ಈ" ಎಂಬ ಸ್ವರ ಜೇನು ಗುಂಯ್‌ಗುಟ್ಟಿದ ಹಾಗೆ ಕಂಪಿಸುತ್ತದೆ. ನೆರ್ಕೆ ಪ್ರಾಂತದ ವೀಬೀ° ಎಂಬ ಊರಿನ ಹೆಸರಿನಿಂದ ಇದನ್ನು ವೀಬೀ°-ಈ ಎನ್ನುತ್ತಾರೆ. ಸ್ಟಾಕ್‌ಹೋಮ್ ಪಕ್ಕದ ಲೀದಿಂಗೋ° ದ್ವೀಪದವರಲ್ಲೂ ಅದು ಪ್ರಸಿದ್ಧ.

ದಾಲಾರ್ನಾ ಪ್ರಾಂತ ಮತ್ತು ಗೊತ್ಲಾಂದ್ ದ್ವೀಪದ ಕಡೆಯವರ ಮಾತಿನ ಏರಿಳಿತವೇ ಬೇರೆ. ಸ್ಟಾಕ್‌ಹೋಮಿನಲ್ಲಿ ಎರಡನೆಯ ಸ್ವರಭಾರ ಎರಡು ಬಾರಿ ಏರುತ್ತದೆ, ಅಲ್ಲಿ ಒಂದೇ ಬಾರಿ. ದಾಲಾರ್ನಾದ ಎಲ್ವ್‌ದಾಲೆನ್ ಕಣಿವೆಯ ಹಳೆಯ ನುಡಿಯಂತೂ ಸ್ಟಾಕ್‌ಹೋಮಿನವರಿಗೇ ಅರ್ಥವಾಗದು. ಅದು ತಿಳಿಯಲಿಲ್ಲವೆಂದು ನೀವು ಬೇಸರಪಡಬೇಕಾಗಿಲ್ಲ.

ಉತ್ತರದ ನೊರ್ಲಾಂದ್ ಕನ್ನಡಿಗರ ಕಿವಿಗೆ ಹಿತವಾದ ಸೀಮೆ ಎಂಬುದು ನನ್ನ ಅನುಭವ. ಖ಼ ಬದಲು ಮುಂಬಾಯಿಯ ಷ ಇಲ್ಲಿ ಹೆಚ್ಚು: "ಹಾಡೂ° ಶೊ°ಪ್ತ್ ಷೂ° ಕುಟ್ಟ್?" ಹಳ್ಳಿಗಳ ಮಾತಿನಲ್ಲಿ "ದಪ್ಪ ಎಲ್" ಎಂದು ಕರೆಯುವ ಧ್ವನಿಯೊಂದಿದೆ. ನಾಲಿಗೆ ಮಡಚಿ ಥಟ್ಟನೆ ಬಿಡಿಸುವ ಅದು ನಮ್ಮ ಳ ಮತ್ತು ಡ ನಡುವೆ ಎಲ್ಲೋ ಇದೆ. ಇದು ಮಧ್ಯ ಸ್ವೀಡನ್ನಿನ ಹಳ್ಳಿಗಳಲ್ಲೂ ಕೇಳಿಸುತ್ತದೆ. ಉತ್ತರದವರು ಹೌದು ಎನ್ನಲು ಕೆಲವೊಮ್ಮೆ ಪದವನ್ನೇ ಆಡುವುದಿಲ್ಲ. ತುಟಿ ದುಂಡಗೆ ಮಾಡಿ "ಶೂಪ್" ಎನ್ನುವಂತೆ ಉಸಿರನ್ನು ಒಳಕ್ಕೆ ಎಳೆದುಕೊಳ್ಳುತ್ತಾರೆ. ಅವರು ಬೆಚ್ಚಿಬಿದ್ದರು ಎಂದೋ ಬೇಸರಗೊಂಡರು ಎಂದೋ ತಿಳಿಯಬೇಡಿ. ಅವರು ನಿಮ್ಮ ಮಾತನ್ನು ಒಪ್ಪಿದ್ದಾರೆ.

ಕೊನೆಯದಾಗಿ ಫಿನ್ಲೆಂಡ್. 1809ರವರೆಗೆ ಅದು ಸ್ವೀಡನ್ನಿನ ಭಾಗವಾಗಿತ್ತು. ಸ್ವೀಡಿಷ್ ಇಂದಿಗೂ ಅಲ್ಲಿನ ರಾಷ್ಟ್ರಭಾಷೆಗಳಲ್ಲಿ ಒಂದು, ಜನಸಂಖ್ಯೆಯ ಸುಮಾರು ಶೇ 5ರಷ್ಟು ಜನರ ತಾಯ್ನುಡಿ. ಅಲ್ಲಿನವರು ಅಕ್ಷರಗಳನ್ನು ಬಿಡಿಸಿ ನುಡಿಯುತ್ತಾರೆ: "ಹಾರ್ ದೂ° ಚೊ°ಪ್ತ್ ಶೂ° ಕುರ್ತ್?" ರ ಮತ್ತು ದ ಕೂಡುವುದಿಲ್ಲ, ಶ ಇದ್ದಲ್ಲಿ ಚ ಬರುತ್ತದೆ, ಪಿ, ಟಿ, ಕೆ ಅಕ್ಷರಗಳಿಗೆ ಮಹಾಪ್ರಾಣದ ಉಸಿರಿಲ್ಲ. ಹೊಸಬರಿಗೆ ಇದಕ್ಕಿಂತ ಸ್ಪಷ್ಟವಾದ ಸ್ವೀಡಿಷ್ ಸಿಗಲಾರದು. ಆರಂಭದಲ್ಲಿ ಕಿವಿಗೆ ಧೈರ್ಯ ಬರಲು ನಾನು ಎಲ್ಲರಿಗೂ ಮೊದಲು ಇದನ್ನೇ ಕೇಳಿಸುತ್ತೇನೆ.

ಕೇಳಲು ಎಲ್ಲಿ ಹುಡುಕಬೇಕು? ಸ್ವೀಡನ್ನಿನ ಸಾರ್ವಜನಿಕ ರೇಡಿಯೊ ಪಿ4 ಎಂಬ ಹೆಸರಿನಲ್ಲಿ ಪ್ರಾಂತಕ್ಕೊಂದರಂತೆ ಕೇಂದ್ರ ನಡೆಸುತ್ತದೆ. ಅದರ ಆ್ಯಪ್‌ನಲ್ಲಿ ಮಾಲ್ಮೋ°ಹೂ°ಸ್, ಯೊ°ತೆಬೊರ್ಯ್, ಗೊತ್ಲಾಂದ್, ದಾಲಾರ್ನಾ, ವೆಸ್ತೆರ್‌ಬೊತ್ತೆನ್ ಕೇಂದ್ರಗಳನ್ನು ಗುರುತು ಹಾಕಿಕೊಳ್ಳಿ. ಸುದ್ದಿ ಓದುವವರಿಗಿಂತ, ಕರೆ ಮಾಡಿ ಮಾತನಾಡುವ ಕೇಳುಗರ ಕಾರ್ಯಕ್ರಮಗಳು ಒಳ್ಳೆಯವು. ಫಿನ್ಲೆಂಡಿನ ಮಾತಿಗೆ ಅಲ್ಲಿನ ಸಾರ್ವಜನಿಕ ಪ್ರಸಾರ ಸಂಸ್ಥೆಯ ಸ್ವೀಡಿಷ್ ವಿಭಾಗವಿದೆ. ತೀರ ಹೊಸಬರು ಸರಳ ಸ್ವೀಡಿಷಿನ ಸುದ್ದಿಯಿಂದ ಶುರು ಮಾಡಿ. ವಾರಕ್ಕೆ ಒಂದೇ ಪ್ರಾಂತ. ಎರಡೇ ನಿಮಿಷದ ತುಣುಕನ್ನು ಐದು ಬಾರಿ ಕೇಳಿ, ಕೇಳಿಸಿದ್ದನ್ನು ಕನ್ನಡ ಲಿಪಿಯಲ್ಲಿ ಬರೆಯಿರಿ. ಹಿನ್ನೆಲೆಯಲ್ಲಿ ದಿನವಿಡೀ ರೇಡಿಯೊ ಹಾಕಿಟ್ಟರೆ ಕಿವಿ ತಾನಾಗಿ ಪಳಗುತ್ತದೆ ಎಂಬುದನ್ನು ನಾನು ನಂಬುವುದಿಲ್ಲ.

ಹಂತ 9: ಎದುರಿನವರು ಇಂಗ್ಲಿಷಿಗೆ ಹೊರಳಿದಾಗ

ಅವರು ಹೊರಳುವುದು ಸೌಜನ್ಯದಿಂದ. ಅದನ್ನು ಅವಮಾನ ಎಂದುಕೊಳ್ಳಬೇಡಿ, ಸುಮ್ಮನೆ ಒಪ್ಪಿಕೊಳ್ಳಲೂ ಬೇಡಿ. ಎರಡು ವಾಕ್ಯಗಳನ್ನು ನಾಲಿಗೆಯ ತುದಿಯಲ್ಲಿ ಇಟ್ಟುಕೊಳ್ಳಿ. "ಕನ್ ವಿ ಪ್ರಾತ ಸ್ವೆನ್‌ಸ್ಕ?" ಎಂದರೆ ನಾವು ಸ್ವೀಡಿಷಿನಲ್ಲಿ ಮಾತನಾಡೋಣವೇ ಎಂದು. "ಕನ್ ದೂ° ಸೆಯ್ಯ ದೇ ಎನ್ ಗೊಂಗ್ ತಿಲ್ಲ್?" ಎಂದರೆ ಇನ್ನೊಮ್ಮೆ ಹೇಳುತ್ತೀರಾ ಎಂದು. ಅರ್ಥವಾಗದಿದ್ದಾಗ ತಲೆಯಾಡಿಸಿ ಮುಂದೆ ಹೋಗುವುದು ದೊಡ್ಡ ತಪ್ಪು. ವೈದ್ಯರ ಬಳಿಯಲ್ಲೋ ಮನೆ ಬಾಡಿಗೆಯ ಮಾತುಕತೆಯಲ್ಲೋ ಅದಕ್ಕೆ ಬೆಲೆ ತೆರಬೇಕಾಗುತ್ತದೆ. ಹಾಗೆಯೇ, ಸಹೋದ್ಯೋಗಿಯ ಪ್ರಾಂತದ ಉಚ್ಚಾರಣೆಯನ್ನು ಅವರ ಮುಂದೆಯೇ ಅನುಕರಿಸಿ ತೋರಿಸಬೇಡಿ. ಧಾರವಾಡದವರ ಮಾತನ್ನು ಹೊಸಬರು ಅಣಕಿಸಿದರೆ ನಮಗೆ ಹೇಗೆ ನೋಯುತ್ತದೆಯೋ ಅವರಿಗೂ ಹಾಗೆಯೇ. ಬದಲಿಗೆ ಅವರ ಊರಿನ ಒಂದು ಪದದ ಅರ್ಥ ಕೇಳಿ. ಸಾಮಾನ್ಯವಾಗಿ ಮಿತವಾಗಿ ಮಾತನಾಡುವವರೂ ಆಗ ಹತ್ತು ನಿಮಿಷ ಬಿಡದೆ ಮಾತನಾಡುವುದನ್ನು ಕಂಡಿದ್ದೇನೆ, ಅದೂ ಸ್ವೀಡಿಷಿನಲ್ಲಿ.

ತಿಂಗಳಿಗೊಮ್ಮೆ ಇದೇ ಏಳು ಕಾರ್ಡುಗಳ ವಾಕ್ಯವನ್ನು ಮೊಬೈಲಿನಲ್ಲಿ ಮುದ್ರಿಸಿ, ದಿನಾಂಕ ಹಾಕಿಡಿ. ಅದನ್ನು ಸ್ವೀಡಿಷ್ ಭಾಷಿಕರೊಬ್ಬರಿಗೆ ಕೇಳಿಸಿ, ಚೆನ್ನಾಗಿದೆಯೇ ಎಂದು ಕೇಳಬೇಡಿ. ಎಲ್ಲರೂ ಚೆನ್ನಾಗಿದೆ ಎಂದೇ ಹೇಳುತ್ತಾರೆ. "ನಾನು ಏನು ಹೇಳಿದೆ, ಬರೆದು ತೋರಿಸಿ" ಎನ್ನಿ. ಅವರು ಬರೆದದ್ದಕ್ಕೂ ನೀವು ಹೇಳಿದ್ದಕ್ಕೂ ಎಲ್ಲಿ ವ್ಯತ್ಯಾಸ ಬಂತೋ ಮುಂದಿನ ತಿಂಗಳ ಅಭ್ಯಾಸ ಅಲ್ಲಿಂದ.